ಧಾರವಾಡಿ ಎಮ್ಮೆಗೊಬ್ಬ ಹೆಳವ ಬೇಕು

ರಾಜ್ಯದ ಪಶುಸಂಗೋಪನಾ ಸಚಿವರಿಗೆ, ಪಶುಪಾಲನೆ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಆಯುಕ್ತರಿಗೆ, ಹಾಗೂ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಮನೆಯ ಮುಂದೆ ಒಂದಾದರೂ ಎಮ್ಮೆ ಕಟ್ಟಿಕೊಂಡಿರುವ ಎಲ್ಲರಿಗೆ,

ಮಾನ್ಯರೇ,

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ನಮ್ಮೂರಿಗೆ ವಂಶಾವಳಿ ಹೇಳುವ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಮೋಟಾರ್ ಸೈಕಲ್ ಮೇಲೆ ಬರುವವರೂ ಇದ್ದಾರೆ. ಕಟ್ಟೆಯ ಮೇಲೆ ಕುಳಿತು ಮನೆತನದ ಹೆಸರು ಹಿಡಿದು ಶುರು ಮಾಡಿದರೆಂದರೆ, ನಮ್ಮ ಮೂಲ ಊರು ಯಾವುದು, ಬೆಡಗು, ಎಂದರೆ ಕುಲದ ಕವಲು, ಯಾವುದು, ಯಾವ ಬರಗಾಲದಲ್ಲಿ ಯಾವ ಅಣ್ಣ ಗಂಟು ಕಟ್ಟಿಕೊಂಡು ಯಾವ ಊರಿಗೆ ಹೋದ, ಯಾರಿಗೆ ಎಷ್ಟು ಗಂಡುಮಕ್ಕಳು, ಎಲ್ಲವನ್ನೂ ಉಸಿರು ಬಿಡದೆ ಹೇಳುತ್ತಾರೆ. ಜೋಳ, ಹಣ, ಅನುಕೂಲವಿದ್ದವರು ಒಂದು ಹೋರಿಗರುವನ್ನೂ ಕೊಟ್ಟು ಕಳುಹಿಸುವುದು ರೂಢಿ.

ಹೋದ ವರ್ಷ ಬಂದ ಹೆಳವ ನಮ್ಮ ಮನೆತನದ ಒಂಬತ್ತು ತಲೆಮಾರು ಹೇಳಿ ಮುಗಿಸಿದಾಗ, ಎಂಬತ್ತು ದಾಟಿದ ನನ್ನ ಅವ್ವ ಗೋಡೆಗೆ ಒರಗಿದ್ದವಳು ನೆಟ್ಟಗೆ ಕುಳಿತು ಕೇಳಿದಳು: “ನಮ್ಮ ಮನೆಯ ಗಂಡಸರನ್ನೆಲ್ಲ ಹೇಳಿದೆ ತಮ್ಮಾ. ಅಲ್ಲಿ ಗೋದಲಿಯಲ್ಲಿ ನಿಂತಿದೆಯಲ್ಲ, ಅದರ ವಂಶ ಹೇಳು.” ಆತ ಕೈಮುಗಿದು, “ಅದು ನಮ್ಮ ಹೊತ್ತಿಗೆಯಲ್ಲಿ ಇಲ್ಲ ಯವ್ವಾ” ಎಂದ. ಆಗ ಅವ್ವ ತಾನೇ ಹೇಳಲು ಕುಳಿತಳು. ಈಗ ಕಟ್ಟಿರುವ ಎಮ್ಮೆ ಗೌರಿ. ಅದರ ತಾಯಿ ಚುಕ್ಕಿ. ಚುಕ್ಕಿಯ ತಾಯಿ ಸಣ್ಣ ಬಾಗಿ, ಅದರ ತಾಯಿ ದೊಡ್ಡ ಬಾಗಿ, ಅದರ ತಾಯಿ ನೀಲಿ, ನೀಲಿಯ ತಾಯಿ ಕರೆವ್ವ. ಆ ಕರೆವ್ವ 1963ರಲ್ಲಿ ಅವ್ವನ ಮದುವೆಯ ಬಳುವಳಿಯಾಗಿ ನವಲಗುಂದದ ಕಡೆಯ ತವರಿನಿಂದ ಅವ್ವನ ಹಿಂದೆಯೇ ನಡೆದು ಬಂದ ಎಮ್ಮೆ.

ಬರೀ ಹೆಸರಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನೀಲಿ ಕರು ಸತ್ತ ಮೇಲೂ ತಿಂಗಳುಗಟ್ಟಲೆ ಹಾಲು ಬಿಟ್ಟಿತು. ದೊಡ್ಡ ಬಾಗಿ ಒಂದು ಹೊತ್ತಿಗೆ ಎಷ್ಟು ಕೊಡುತ್ತಿತ್ತು, ಎಷ್ಟು ಸೂಲು ಈದಿತು, ಯಾವ ಸೂಲಿನಲ್ಲಿ ಕೆಚ್ಚಲು ಬಾವು ಬಂದು ಒಂದು ಮೊಲೆ ಕೆಟ್ಟಿತು, ಎಲ್ಲವೂ ಅವ್ವನಿಗೆ ಬಾಯಿಪಾಠ. 1972ರ ಬರದಲ್ಲಿ ಕರೆವ್ವ ಒಣ ಕಣಿಕೆಯ ಮೇಲೆಯೇ ಜೀವ ಹಿಡಿದು, ಮಳೆ ಬಿದ್ದ ಮರುವರ್ಷ ಮತ್ತೆ ಗಬ್ಬ ಕಟ್ಟಿತು. ಸಣ್ಣ ಬಾಗಿಯ ಇನ್ನೊಬ್ಬ ಮಗಳನ್ನು ಅಕ್ಕನ ಮದುವೆಯಲ್ಲಿ ಬಳುವಳಿ ಕೊಟ್ಟೆವು. ಅದರ ಕುಡಿ ಈಗ ಸವಣೂರಿನ ಹತ್ತಿರದ ಒಂದು ಊರಿನಲ್ಲಿ ಇದೆ. ಹೆಳವ ಹೇಳುವುದು ಗಂಡಸರ ವಂಶ, ಅದು ಹೊಲದ ಜೊತೆ ಹೋಗುತ್ತದೆ. ಎಮ್ಮೆಯ ವಂಶ ಹೆಣ್ಣುಮಕ್ಕಳ ಜೊತೆ ತವರಿನಿಂದ ಗಂಡನ ಮನೆಗೆ ಹೋಗುತ್ತದೆ. ಆ ವಂಶಕ್ಕೆ ನಮ್ಮಲ್ಲಿ ಎಂದೂ ಹೆಳವನಿರಲಿಲ್ಲ. ಅವ್ವಂದಿರೇ ಇದ್ದರು, ಈಗ ಅವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಅವ್ವ ಹೇಳಿದ್ದಕ್ಕೇ ಇಂಗ್ಲಿಷಿನವರು ‘ಪೆಡಿಗ್ರಿ’ ಎನ್ನುವುದು. ಆ ಪದ ಹುಟ್ಟಿದ್ದು ‘ಕೊಕ್ಕರೆಯ ಪಾದ’ ಎಂಬ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ. ವಂಶಾವಳಿ ಬರೆಯುವಾಗ ಒಂದು ಹೆಸರಿನಿಂದ ಕೆಳಗೆ ಮೂರು ಗೆರೆ ಎಳೆದರೆ ಅದು ಹಕ್ಕಿಯ ಕಾಲಿನಂತೆ ಕಾಣುತ್ತಿತ್ತಂತೆ. ಆ ಪದದಲ್ಲಿ ರಕ್ತವೂ ಇಲ್ಲ, ಶುದ್ಧಿಯೂ ಇಲ್ಲ. ಇರುವುದು ಕಾಗದದ ಮೇಲಿನ ಗೆರೆ ಮಾತ್ರ. ಯಾರಿಗೆ ಯಾರು ಹುಟ್ಟಿದರು ಎಂದು ಒಬ್ಬರು ಕುಳಿತು ಬರೆದಿದ್ದಾರೆ, ಅಷ್ಟೇ.

2021ರಲ್ಲಿ ನಮ್ಮ ಎಮ್ಮೆಗೆ ಹೆಸರು ಬಂತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಉತ್ತರ ಕರ್ನಾಟಕದ ಊರೂರು ಸುತ್ತಿ, ಕೋಡು, ಮೈಕಟ್ಟು, ಹಾಲು, ವಂಶವಾಹಿ ಎಲ್ಲವನ್ನೂ ಅಳೆದು ಬರೆದರು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಅದನ್ನು ಒಪ್ಪಿ ‘ಧಾರವಾಡಿ’ ಎಂಬ ಹೆಸರಿನಲ್ಲಿ ದೇಶದ ಎಮ್ಮೆ ತಳಿಗಳ ಪಟ್ಟಿಗೆ ಸೇರಿಸಿತು. ಆ ಸುದ್ದಿಯನ್ನು ನಾನು ಅವ್ವನಿಗೆ ಓದಿ ಹೇಳಿದ ದಿನ ಅವಳ ಕಣ್ಣಲ್ಲಿ ನೀರು ಬಂತು. ಅದುವರೆಗೆ ಸರ್ಕಾರಿ ಅರ್ಜಿಗಳಲ್ಲಿ ‘ತಳಿ’ ಎಂಬ ಕಾಲಮ್ಮಿನ ಎದುರು ನಮ್ಮ ಎಮ್ಮೆಗೆ ಬೀಳುತ್ತಿದ್ದುದು ‘ನಾನ್ ಡಿಸ್ಕ್ರಿಪ್ಟ್’ ಎಂಬ ಮಾತು, ಎಂದರೆ ಇಂಥದ್ದೆಂದು ಹೇಳಲು ಬಾರದ್ದು. ಭುಜಕ್ಕೆ ತಾಗುವಂತೆ ಹಿಂದಕ್ಕೆ ಬಾಗಿದ ಅರ್ಧಚಂದ್ರದ ಕೋಡು, ಕಡುಗಪ್ಪು ಮೈ, ಎರೆಭೂಮಿಯ ಬಿಸಿಲಿಗೆ ಬಗ್ಗದ ಗಟ್ಟಿ ಕಾಲು, ಇಷ್ಟೆಲ್ಲ ಇದ್ದ ಪ್ರಾಣಿಯನ್ನು ಹೇಳಲು ಬಾರದ್ದು ಎಂದು ಬರೆದರು. ಧಾರವಾಡ ಪೇಡಾಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿ ಎಷ್ಟೋ ವರ್ಷ ಕಳೆದ ಮೇಲೆ, ಆ ಪೇಡಾಕ್ಕೆ ಹಾಲು ಕೊಟ್ಟ ಎಮ್ಮೆಗೆ ಹೆಸರು ಬಂತು. ತಡವಾಯಿತು, ಆದರೂ ಬಂತು. ಅದಕ್ಕಾಗಿ ದುಡಿದವರಿಗೆ ನಾವು ಋಣಿಗಳು.

ಆದರೆ ಸ್ವಾಮಿ, ನಾಮಕರಣವಾದ ಮಗುವಿನ ಹೆಸರನ್ನು ಯಾರೂ ಎಲ್ಲಿಯೂ ಬರೆದಿಡದಿದ್ದರೆ?

ನನ್ನ ಗೌರಿಯ ಕಿವಿಯಲ್ಲಿ ಹಳದಿ ಕಿವಿಯೋಲೆ ಇದೆ. ಹನ್ನೆರಡು ಅಂಕಿಗಳ ಸಂಖ್ಯೆ. ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಬಂದವರು ಅದನ್ನು ಚುಚ್ಚಿ, ಮೊಬೈಲಿನಲ್ಲಿ ದಾಖಲಿಸಿಕೊಂಡರು. ದೇಶದಲ್ಲಿ ಆ ಸಂಖ್ಯೆಯ ಎಮ್ಮೆ ಇನ್ನೊಂದಿಲ್ಲ. ಇದು ಬಹಳ ದೊಡ್ಡ ಕೆಲಸ, ನಾನು ಮನಸಾರೆ ಹೊಗಳುತ್ತೇನೆ. ಅದೇ ದಾಖಲೆಯಲ್ಲಿ ತಾಯಿಯ ಸಂಖ್ಯೆ, ತಂದೆಯ ಸಂಖ್ಯೆ ಬರೆಯುವುದಕ್ಕೂ ಜಾಗವಿದೆ. ಗೌರಿಯದನ್ನು ತೆರೆದು ತೋರಿಸಿ ಎಂದು ಕೇಳಿಕೊಂಡೆ. ಎರಡೂ ಖಾಲಿ. ತಾಯಿ ಚುಕ್ಕಿ ಪಕ್ಕದ ಗೂಟದಲ್ಲಿಯೇ ನಿಂತಿತ್ತು, ಅದರ ಕಿವಿಯಲ್ಲೂ ಓಲೆ ಇತ್ತು. ಕೇಳಿದ್ದರೆ ಅವ್ವ ಆರು ತಲೆಮಾರು ಹೇಳುತ್ತಿದ್ದಳು. ಬಂದ ಹುಡುಗನದು ತಪ್ಪೆಂದು ನಾನು ಹೇಳುವುದಿಲ್ಲ, ಒಂದೇ ದಿನದಲ್ಲಿ ಇಡೀ ಊರಿನ ದನಗಳಿಗೆ ಸೂಜಿ ಹಾಕಬೇಕಿತ್ತು ಅವನು. ಅದನ್ನು ಕೇಳಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕೃತಕ ಗರ್ಭಧಾರಣೆಯ ವಿಷಯವೂ ಹಾಗೆಯೇ. ವೀರ್ಯದ ನಳಿಕೆ ಎಂದರೆ ಕಡ್ಡಿಯಷ್ಟು ತೆಳ್ಳಗಿನ, ಕಾಲು ಮಿಲಿಲೀಟರ್ ಹಿಡಿಯುವ ಕೊಳವೆ. ಮೈನಸ್ 196 ಡಿಗ್ರಿ ಶೀತದ ದ್ರವ ಸಾರಜನಕದಲ್ಲಿ ಇಟ್ಟಿರುತ್ತಾರೆ. ಆ ಕೊಳವೆಯ ಮೈಮೇಲೆಯೇ ಕೋಣದ ಸಂಖ್ಯೆ, ತಳಿ, ಸಂಗ್ರಹಿಸಿದ ಕೇಂದ್ರ ಎಲ್ಲ ಅಚ್ಚಾಗಿರುತ್ತದೆ. ಹುಟ್ಟಲಿರುವ ಕರುವಿನ ತಂದೆಯ ಗುರುತು ಅದು. ನಮ್ಮ ಹಿತ್ತಲಿನಲ್ಲಿ ಅದು ಕೆಲಸ ಮುಗಿದ ಕೂಡಲೇ ತಿಪ್ಪೆಗೆ ಬೀಳುತ್ತದೆ. ನಾನೇ ಎರಡು ಸಲ ಸಗಣಿಯಲ್ಲಿ ಹುಡುಕಿ ತೆಗೆದು, ತೊಳೆದು, ಕನ್ನಡಕ ಹಾಕಿಕೊಂಡು ಓದಿ ಬರೆದಿಟ್ಟುಕೊಂಡಿದ್ದೇನೆ. ಎರಡೂ ಹರಿಯಾಣದ ಮುರ್ರಾ ತಳಿಯ ಕೋಣದವು, ನಮ್ಮ ಧಾರವಾಡಿಯವಲ್ಲ.

ತಳಿ, ವಂಶ ಎಂದಾಗ ನಮ್ಮ ಪಟ್ಟಣದ ಜನಕ್ಕೆ ಮೊದಲು ನೆನಪಾಗುವುದು ನಾಯಿ. ಆದ್ದರಿಂದ ನಾಯಿಯ ಮಾತನ್ನೂ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮನ ಮಗ ಒಂದು ಪಗ್ ಮರಿ ಕೊಂಡ. ಅದಕ್ಕೆ ಅಚ್ಚುಕಟ್ಟಾದ ಪ್ರಮಾಣಪತ್ರವಿತ್ತು. ಮರಿಗೆ ಹುಟ್ಟಿದಾಗಿನಿಂದ ಗೊರಗೊರ ಉಸಿರು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟು ಮೈಯ ಬಿಸಿ ಕಳೆದುಕೊಳ್ಳುತ್ತದೆ. ಮೂಗು, ಗಂಟಲು ಒತ್ತಿಹೋಗುವಂತೆ ಮುಖವನ್ನು ತಲೆಮಾರುಗಟ್ಟಲೆ ಚಪ್ಪಟೆ ಮಾಡುತ್ತ ಬಂದ ತಳಿಗೆ ಅದೂ ಕಷ್ಟ. ಎರಡನೆಯ ವರ್ಷದ ಏಪ್ರಿಲ್‌ನ ಒಂದು ಮಧ್ಯಾಹ್ನ, ಕರೆಂಟು ಹೋಗಿದ್ದಾಗ, ಅದು ಮಕ್ಕಳ ಎದುರಿಗೇ ಸತ್ತಿತು. ಮಣ್ಣು ಮಾಡಿ ಬಂದ ಮೇಲೆ ನಾನು ಆ ಪ್ರಮಾಣಪತ್ರವನ್ನು ಕೇಳಿ ಪಡೆದು ಓದಿದೆ. ಮೂರು ತಲೆಮಾರಿನ ಹೆಸರುಗಳಿದ್ದವು. ತಂದೆಯ ಅಪ್ಪ, ತಾಯಿಯ ಅಪ್ಪ, ಇಬ್ಬರದೂ ಒಂದೇ ಹೆಸರು, ಒಂದೇ ನೋಂದಣಿ ಸಂಖ್ಯೆ. ಎಂದರೆ ಆ ಮರಿಯ ತಂದೆತಾಯಿ ಒಂದೇ ಗಂಡುನಾಯಿಯ ಮಕ್ಕಳು. ಮಾರಿದವನು ಅದನ್ನು ಬಚ್ಚಿಟ್ಟಿರಲಿಲ್ಲ. ಕೊಂಡವರು ಆ ಕಾಗದವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು, ಓದಿರಲಿಲ್ಲ.

ಇದರ ಲೆಕ್ಕ ಕಠಿಣವಲ್ಲ. ಪ್ರತಿ ಪ್ರಾಣಿಗೂ ಒಂದೊಂದು ವಂಶವಾಹಿಯ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದರಲ್ಲಿ ದೋಷವಿದ್ದರೂ ಅನೇಕ ಸಲ ಇನ್ನೊಂದು ಅದನ್ನು ಮುಚ್ಚಿಕೊಂಡು ಹೋಗುತ್ತದೆ. ಎರಡೂ ಪ್ರತಿ ಒಬ್ಬನೇ ಪೂರ್ವಜನಿಂದ ಬಂದರೆ ಮುಚ್ಚುವುದಕ್ಕೆ ಬೇರೇನೂ ಇರುವುದಿಲ್ಲ. ಒಂದೇ ತಂದೆಯ, ಬೇರೆ ಬೇರೆ ತಾಯಿಯರ ಮಕ್ಕಳು ಕೂಡಿದರೆ ಹಾಗಾಗುವ ಸಂಭವ ಪ್ರತಿ ವಂಶವಾಹಿಗೂ ನೂರಕ್ಕೆ 12.5. ಒಡಹುಟ್ಟಿದವರು ಅಥವಾ ತಂದೆ–ಮಗಳು ಕೂಡಿದರೆ ನೂರಕ್ಕೆ 25. ಸೋದರಮಾವನಿಗೆ ಹೆಣ್ಣು ಕೊಟ್ಟಾಗ ಹುಟ್ಟುವ ಮಗುವಿಗೂ ನೂರಕ್ಕೆ 12.5, ಆ ನಾಯಿಮರಿಯಷ್ಟೇ. ನಮ್ಮ ಭಾಗದಲ್ಲಿ ಆ ಸಂಬಂಧ ಇನ್ನೂ ನಡೆಯುತ್ತದೆ, ಅದರಿಂದ ಬಂದ ಸಂಕಟವನ್ನು ಎಷ್ಟೋ ಮನೆಗಳು ಮೌನವಾಗಿ ಉಂಡಿವೆ. ಆದರೂ ನಮ್ಮ ಹಿರಿಯರು ಒಂದು ಬಾಗಿಲನ್ನು ಭದ್ರವಾಗಿ ಹಾಕಿದ್ದರು. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಬೆಡಗು. ಬೆಡಗು ಒಂದೇ ಆದರೆ ಅಣ್ಣತಂಗಿಯರ ವರಸೆ, ಮಾತು ಅಲ್ಲಿಗೆ ಮುಗಿಯಿತು. ಹೆಳವನ ಹೊತ್ತಿಗೆಯ ಬಹುದೊಡ್ಡ ಉಪಯೋಗ ನನ್ನ ದೃಷ್ಟಿಯಲ್ಲಿ ಇದೇ. ನಾವು ವಂಶವನ್ನು ನೆನಪಿಟ್ಟುಕೊಂಡದ್ದು ಅದರಿಂದ ಹೊರಗೆ ಸಂಬಂಧ ಬೆಳೆಸುವುದಕ್ಕೆ.

ವಿಲಾಯಿತಿಯ ನಾಯಿ ಪ್ರಿಯರು ಇದಕ್ಕೆ ವಿರುದ್ಧವಾಗಿ ನಡೆದರು. ಇಂಗ್ಲೆಂಡಿನ ಕೆನೆಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಅಲ್ಲಿಂದ ಮುಂದೆ ಒಂದೊಂದು ತಳಿಗೂ ಒಂದೊಂದು ಪುಸ್ತಕ, ಪುಸ್ತಕದಲ್ಲಿ ಹೆಸರಿದ್ದವುಗಳ ಮರಿಗಳಿಗೆ ಮಾತ್ರ ಒಳಗೆ ಪ್ರವೇಶ. ವಂಶವನ್ನು ಬರೆದದ್ದು ಒಳ್ಳೆಯದಾಯಿತು, ಬಾಗಿಲು ಹಾಕಿ ಬೀಗ ಜಡಿದದ್ದು ಕೆಟ್ಟದ್ದಾಯಿತು. ಡಾಲ್ಮೇಷಿಯನ್ ಎಂಬ ಚುಕ್ಕೆ ನಾಯಿಯನ್ನು ತಾವು ನೋಡಿರುತ್ತೀರಿ. ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಿಸಿ ಕಲ್ಲು ಕಟ್ಟಿಸುವ ದೋಷವೊಂದು ಆ ತಳಿಯ ಶುದ್ಧ ನಾಯಿಗಳಲ್ಲೆಲ್ಲ ಸೇರಿಕೊಂಡಿತ್ತು. ಒಳಗಡೆ ಎಷ್ಟು ಹುಡುಕಿದರೂ ಆ ದೋಷವಿಲ್ಲದ ನಾಯಿಯೇ ಇಲ್ಲ! 1973ರಲ್ಲಿ ಅಮೆರಿಕದ ತಳಿವಿಜ್ಞಾನಿಯೊಬ್ಬರು ಒಂದೇ ಒಂದು ಸಲ ಪಾಯಿಂಟರ್ ತಳಿಯ ಜೊತೆ ಕೂಡಿಸಿ, ಆಮೇಲೆ ತಲೆಮಾರು ತಲೆಮಾರಾಗಿ ಮತ್ತೆ ಡಾಲ್ಮೇಷಿಯನ್ ಜೊತೆಗೇ ಕೂಡಿಸುತ್ತ ಬಂದರು. ನೋಡಲು ಥೇಟು ಡಾಲ್ಮೇಷಿಯನ್, ದೋಷವಿಲ್ಲ. ಆ ವಂಶವನ್ನು ಅಮೆರಿಕದ ಕೆನೆಲ್ ಕ್ಲಬ್ಬು ಪುಸ್ತಕಕ್ಕೆ ಸೇರಿಸಿಕೊಂಡದ್ದು 2011ರಲ್ಲಿ. ನಡುವೆ ಎಷ್ಟು ನಾಯಿಗಳು ಕಲ್ಲುನೋವಿನಲ್ಲಿ ನರಳಿದವೋ.

ಹಾಲಿನ ದನದ ಕಥೆ ಇನ್ನೂ ದೊಡ್ಡದು. ಪ್ರಪಂಚಕ್ಕೆಲ್ಲ ಹಬ್ಬಿದ ಹೋಲ್‌ಸ್ಟೀನ್ ತಳಿಯಲ್ಲಿ ‘ಪಾನೀ ಫಾರ್ಮ್ ಅರ್ಲಿಂಡಾ ಚೀಫ್’ ಎಂಬ ಹೋರಿಯೊಂದಿತ್ತು, 1962ರಲ್ಲಿ ಹುಟ್ಟಿದ್ದು. ಕೃತಕ ಗರ್ಭಧಾರಣೆಯಿಂದ ಅದಕ್ಕೆ 16,000 ಹೆಣ್ಣುಮಕ್ಕಳು. ಅವು ಹಾಲಿನ ಹೊಳೆ ಹರಿಸಿದವು ಎಂಬುದು ನಿಜ. ಜೊತೆಗೆ ಆ ಹೋರಿ ಒಂದು ಗುಪ್ತ ದೋಷವನ್ನೂ ಹಂಚಿತ್ತು. ಅದರ ಮೊಮ್ಮಕ್ಕಳು, ಮರಿಮಕ್ಕಳು ತಮ್ಮತಮ್ಮಲ್ಲಿ ಕೂಡಿದಾಗ ಕರು ಗರ್ಭದಲ್ಲಿಯೇ ಸಾಯುತ್ತಿತ್ತು. ಹಾಗೆ ಜಗತ್ತಿನಾದ್ಯಂತ ಐದು ಲಕ್ಷಕ್ಕೂ ಹೆಚ್ಚು ಗರ್ಭಗಳು ಹೋದವೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಇಲ್ಲಿ ತಾವು ಗಮನಿಸಬೇಕಾದದ್ದು ಇನ್ನೊಂದಿದೆ. ಆ ದೋಷದ ಬೇರು ಆ ಒಂದು ಹೋರಿಯವರೆಗೆ ಹೋಗಿ ಸಿಕ್ಕಿದ್ದು ಹೇಗೆ? ಎಲ್ಲವನ್ನೂ ಬರೆದಿಟ್ಟಿದ್ದರಿಂದ. ನಮ್ಮ ಎಮ್ಮೆಗಳಲ್ಲಿ ಹಾಗೇನಾದರೂ ಆಗುತ್ತಿದ್ದರೆ ನಮಗೆ ಗೊತ್ತಾಗುವುದೇ ಇಲ್ಲ. ‘ಗಬ್ಬ ನಿಲ್ಲಲಿಲ್ಲ, ಯಾರದೋ ಕಣ್ಣು ಬಿತ್ತು’ ಎಂದುಕೊಂಡು ಎಮ್ಮೆಯನ್ನು ಸಂತೆಗೆ ಹೊಡೆಯುತ್ತೇವೆ.

ಶುದ್ಧ ತಳಿ ಎಂಬ ಮಾತನ್ನು ನಾನು ಬಹಳ ದಿನ ತಲೆಯಲ್ಲಿ ಇಟ್ಟುಕೊಂಡು ತಿರುಗಿದ್ದೇನೆ. ನಮ್ಮ ಕಡೆ ಅದಕ್ಕೆ ‘ಜಾತಿ’ ಎನ್ನುತ್ತಾರೆ. ಜಾತಿ ನಾಯಿ, ಜಾತಿ ಎಮ್ಮೆ, ಜಾತಿ ಹೋರಿ. ಶರಣರು ಓಡಾಡಿದ ಈ ನೆಲದಲ್ಲಿ ಮನುಷ್ಯರ ನಡುವೆ ಆ ಪದ ಮಾಡಿದ ಗಾಯ ಇನ್ನೂ ಆರಿಲ್ಲ, ಅದನ್ನೇ ತಂದು ಪ್ರಾಣಿಯ ಕೊರಳಿಗೂ ಕಟ್ಟಿದ್ದೇವೆ. ನನಗೆ ಆ ಪದ ಬೇಡ. ಯಾವ ತಳಿಯೂ ಆಕಾಶದಿಂದ ಶುದ್ಧವಾಗಿ ಇಳಿದು ಬಂದಿಲ್ಲ. ಕೃಷ್ಣಾ ಕಣಿವೆಯ ದನಗಳನ್ನೇ ನೋಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಸಂಸ್ಥಾನಿಕರು ಎರೆಹೊಲದ ಜಿಗುಟು ಮಣ್ಣಿನಲ್ಲಿ ನೇಗಿಲು ಎಳೆಯುವ ಭಾರದ ಎತ್ತು ಬೇಕೆಂದು ಗುಜರಾತಿನ ಗಿರ್, ಕಾಂಕ್ರೇಜ್, ಆಂಧ್ರದ ಓಂಗೋಲ್, ನಮ್ಮದೇ ಮೈಸೂರು ಕಡೆಯ ದನ ಎಲ್ಲವನ್ನೂ ಬೆರೆಸಿ ಕಟ್ಟಿದ ತಳಿ ಅದು. ಇಂದು ಅದನ್ನು ಶುದ್ಧ ಕೃಷ್ಣಾ ಕಣಿವೆ ಎನ್ನುತ್ತೇವೆ. ನಾಲ್ಕು ಕಡೆಯಿಂದ ಬಂದದ್ದು ಒಂದು ನೆಲದ ಕೆಲಸಕ್ಕೆ ಹೊಂದಿ, ತಲೆಮಾರು ತಲೆಮಾರಿಗೂ ಅದೇ ಗುಣವನ್ನು ಕೊಡತೊಡಗಿತು, ಆಗ ಅದು ತಳಿಯಾಯಿತು. ಟ್ರ್ಯಾಕ್ಟರ್ ಬಂದ ಮೇಲೆ ಆ ಕೆಲಸವೇ ಹೋಯಿತು, ತಳಿಯೂ ಕ್ಷೀಣಿಸಿತು.

ಹಾವೇರಿ ಜಿಲ್ಲೆಯವರು ಒಂದು ಸಲ ಬಂಕಾಪುರದ ಕೋಟೆಗೆ ಹೋಗಿ ಬರಬೇಕು. ಸರ್ಕಾರದ ಖಿಲಾರಿ ತಳಿ ಸಂವರ್ಧನಾ ಕೇಂದ್ರ ಅಲ್ಲಿದೆ. ನವಿಲುಧಾಮ ಎಂದು ಆ ಜಾಗ ಹೆಸರಾದದ್ದೂ ದನಗಳಿಗೆಂದು ಕಾದಿಟ್ಟ ಹುಲ್ಲುಗಾವಲು ಉಳಿದದ್ದರಿಂದಲೇ. ದನಕ್ಕಾಗಿ ನೆಲ ಉಳಿಯಿತು, ನೆಲದಿಂದ ನವಿಲು ಉಳಿಯಿತು. ಒಂದು ತಳಿಯನ್ನು ಕಾಯ್ದುಕೊಳ್ಳಲು ಸರ್ಕಾರ ಮನಸ್ಸು ಮಾಡಿದರೆ ಏನೆಲ್ಲ ಉಳಿಯುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲಿಯೇ ಸಾಕ್ಷಿ ಇದೆ.

ಮುರ್ರಾ ಎಮ್ಮೆಯನ್ನು ನಾನು ನಿಂದಿಸುವವನಲ್ಲ. ರೋಹ್ತಕ್, ಹಿಸಾರ್, ಜಿಂದ್ ಕಡೆಯ ಕಾಲುವೆ ನೀರು, ಹಸಿ ಮೇವಿನ ನಡುವೆ ಅದು ಹಾಲಿನ ರಾಣಿ. ಅಲ್ಲಿನ ರೈತರು ಅದರ ಹಾಲನ್ನು ಅಳೆದು ಬರೆದು ಹೆಮ್ಮೆಯಿಂದ ಬೆಳೆಸಿದ್ದಾರೆ. ಆದರೆ ಚುಕ್ಕಿಯ ಒಡಹುಟ್ಟಿದ್ದಕ್ಕೆ ನಾವು ಮುರ್ರಾ ವೀರ್ಯದ ಸೂಜಿ ಮಾಡಿಸಿ ಹುಟ್ಟಿದ ಮಣಕವೊಂದಿತ್ತು. ಎತ್ತರದ ಮೈ, ಸುರುಳಿ ಕೋಡು, ಮೊದಲ ಸೂಲಿನಲ್ಲಿಯೇ ಮನೆಯ ಉಳಿದ ಎಮ್ಮೆಗಳಿಗಿಂತ ಎರಡು ಲೀಟರ್ ಹೆಚ್ಚು. ಊರೆಲ್ಲ ಬಂದು ನೋಡಿ ಹೋದರು. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಸಾರಿದ ವರ್ಷ ಅದು. ಹತ್ತಿಕಾಳು ಹಿಂಡಿಯ ಬೆಲೆ ಮುಟ್ಟಲಾಗದಷ್ಟಾಯಿತು, ಮೇವು ದುಡ್ಡು ಕೊಟ್ಟರೂ ಸಿಗದಾಯಿತು. ಆ ದೊಡ್ಡ ಮೈಯನ್ನು ತುಂಬಿಸಲು ನನ್ನಿಂದ ಆಗಲಿಲ್ಲ. ಹಾಲು ಬತ್ತಿತು, ವರ್ಷವಿಡೀ ಬೆದೆಗೆ ಬರಲಿಲ್ಲ, ಕೊನೆಗೆ ಅರ್ಧ ಬೆಲೆಗೆ ಕೊಟ್ಟೆ. ಅದೇ ಗೋದಲಿಯಲ್ಲಿ, ಅದೇ ಜೋಳದ ಕಣಿಕೆ ತಿಂದು, ಗೌರಿ ಹೊತ್ತಿಗೆ ಒಂದೂವರೆ ಲೀಟರ್ ಕೊಡುತ್ತಲೇ ಇತ್ತು. ಆ ವರ್ಷ ನಮ್ಮ ಮನೆಯ ಉಪ್ಪು, ಎಣ್ಣೆ, ಅವ್ವನ ಗುಳಿಗೆ ಎಲ್ಲ ನಡೆದದ್ದು ಆ ಹಾಲಿನಿಂದ. ಕರೆವ್ವನಿಂದ ಬಂದ ಗುಣ ಎಂದು ಅವ್ವ ಹೇಳುತ್ತಾಳೆ. ಅವಳ ಮಾತನ್ನು ಸಾಧಿಸಿ ತೋರಿಸಲು ನನ್ನ ಬಳಿ ಬರವಣಿಗೆ ಇಲ್ಲ. ನನ್ನ ದುಃಖ ಅದೇ.

ಸಂತೆಯಲ್ಲಿ ಎಮ್ಮೆಯ ಬೆಲೆ ನಿರ್ಧಾರವಾಗುವುದು ಹೇಗೆಂದು ತಮಗೆ ಗೊತ್ತಿದೆ. ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿಯುತ್ತಾನೆ, ಕೊಳ್ಳುವವನು ಸುಳಿ ನೋಡುತ್ತಾನೆ, ಕೋಡು ನೋಡುತ್ತಾನೆ, ಹಲ್ಲು ಎಣಿಸುತ್ತಾನೆ, ಒಂದು ದಿನ ಹಿಂಡದೆ ಬಿಟ್ಟು ಬಿಗಿಸಿದ ಕೆಚ್ಚಲನ್ನು ನೋಡಿ ಮೋಸ ಹೋಗುತ್ತಾನೆ. ಜಾತ್ರೆಯ ಜಾನುವಾರು ಪ್ರದರ್ಶನಗಳಲ್ಲಿ ಬಹುಮಾನವೂ ಮೈ ನೋಡಿ, ಕೋಡು ನೋಡಿ. ದೀಪಾವಳಿ ಕಳೆದರೆ ಹಾವೇರಿ ಸೀಮೆಯ ಹೋರಿ ಹಬ್ಬಗಳಲ್ಲಿ ಕೊಬ್ಬರಿ ಹಾರ ಹೊತ್ತು ಓಡುವ ಹೋರಿಗೆ ಲಕ್ಷಗಟ್ಟಲೆ ಬೆಲೆ ಕಟ್ಟುತ್ತಾರೆ, ಹೆಸರಿಟ್ಟು ಬ್ಯಾನರ್ ಕಟ್ಟುತ್ತಾರೆ. ಆ ಹೋರಿಯ ತಾಯಿ ಯಾವ ಊರಿನ ಯಾವ ಹಟ್ಟಿಯಲ್ಲಿದೆ ಎಂದು ಕೇಳಿ ನೋಡಿ, ಹೇಳುವವರು ಸಿಗುವುದಿಲ್ಲ. ನಮಗೆ ಪ್ರಾಣಿಯ ಮೇಲೆ ಪ್ರೀತಿ ಕಡಿಮೆಯಿಲ್ಲ, ಬರೆದಿಡುವ ರೂಢಿ ಮಾತ್ರ ಇಲ್ಲ.

ತಾಯಿಯ ಕಡೆಯನ್ನಾದರೂ ಅವ್ವಂದಿರು ಕಾಯ್ದರು. ತಂದೆಯ ಕಡೆ? ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ದ್ಯಾಮವ್ವನ ಹೆಸರಿಗೆ ಬಿಟ್ಟ ಕೋಣವಿತ್ತು. ಯಾರ ಹೊಲಕ್ಕೆ ಹೊಕ್ಕರೂ ಹೊಡೆಯುತ್ತಿರಲಿಲ್ಲ. ಊರಿನ ಎಮ್ಮೆಗಳೆಲ್ಲ ಗಬ್ಬವಾಗುತ್ತಿದ್ದದ್ದು ಅದರಿಂದಲೇ. ಅದರ ಕಾಲ ಮುಗಿದು ಹೊಸ ಕೋಣ ಬಿಡುವಾಗ ಬೇರೆ ಊರಿನಿಂದ ತರಬೇಕೆಂಬುದು ನಮ್ಮ ಹಿರಿಯರ ನಿಯಮ. ಯಾಕೆಂದು ಯಾರೂ ಹೇಳುತ್ತಿರಲಿಲ್ಲ, ದೇವಿಯ ಅಪ್ಪಣೆ ಎನ್ನುತ್ತಿದ್ದರು. ಬೆಡಗು ಕೇಳುವ ಬುದ್ಧಿಯೇ ಅಲ್ಲಿಯೂ ಕೆಲಸ ಮಾಡಿತ್ತೆಂದು ಈಗ ನನಗೆ ಅನ್ನಿಸುತ್ತದೆ. ಇಂದು ಕೋಣ ಬಿಡುವವರಿಲ್ಲ. ಗೋವಿನಜೋಳ, ಹತ್ತಿ ಬೆಳೆದವರು ಹೊಲಕ್ಕೆ ಹೊಕ್ಕ ಕೋಣವನ್ನು ಸಹಿಸುವುದೂ ಇಲ್ಲ. ಗಂಡುಗರುವಿಗೆ ಹಾಲು ಬಿಡುವವರೂ ಇಲ್ಲ. ಧಾರವಾಡಿ ಕೋಣ ನೋಡಬೇಕೆಂದರೆ ನಾನು ಈಗ ಐದಾರು ಊರು ದಾಟಿ ಹೋಗಬೇಕು.

ಆದ್ದರಿಂದ ನನ್ನ ಮೊದಲ ಬೇಡಿಕೆ ಕೋಣದ್ದು. ಧಾರವಾಡಿ ಕೋಣದ ವೀರ್ಯ ನಳಿಕೆ ನಮ್ಮ ಹೋಬಳಿಯ ಆಸ್ಪತ್ರೆಗಳಲ್ಲಿ ಕೇಳಿದವರಿಗೆ ಸಿಗಬೇಕು. ನಾನು ಕೇಳಿದಾಗ, ‘ಇದ್ದದ್ದನ್ನು ಹಾಕುತ್ತೇವೆ’ ಎಂಬ ಉತ್ತರ ಬಂತು. ಎರಡೋ ಮೂರೋ ಒಳ್ಳೆಯ ಕೋಣ ಸಿಕ್ಕಿದವೆಂದು ಅವುಗಳಿಂದಲೇ ಇಡೀ ಸೀಮೆಗೆ ಹಂಚಬಾರದು ಎಂಬುದನ್ನೂ ಜೊತೆಗೇ ಹೇಳುತ್ತೇನೆ. ತಳಿವಿಜ್ಞಾನದ ಒಂದು ಸರಳ ಸೂತ್ರವಿದೆ. ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ನಾಲ್ಕು ಪಟ್ಟು ಮಾಡಿ, ಗಂಡು ಹೆಣ್ಣು ಕೂಡಿದ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಬರುವ ಉತ್ತರ ಆ ಹಿಂಡಿನ ನಿಜವಾದ ಬಲ. ಸಾವಿರ ಎಮ್ಮೆಗೆ ಐದೇ ಕೋಣವಿದ್ದರೆ ಉತ್ತರ ಸುಮಾರು 20. ಕಣ್ಣಿಗೆ ಸಾವಿರ ಎಮ್ಮೆ ಕಂಡರೂ ವಂಶದ ಲೆಕ್ಕದಲ್ಲಿ ಅದು ಇಪ್ಪತ್ತರ ಹಿಂಡು. ಈ ಸಂಖ್ಯೆ 50ಕ್ಕಿಂತ ಕೆಳಗೆ ಇಳಿಯಬಾರದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಅದೇ ಸಾವಿರ ಎಮ್ಮೆಗೆ ಒಂದಕ್ಕೊಂದು ಸಂಬಂಧವಿಲ್ಲದ 25 ಕೋಣ ಇದ್ದರೆ ಉತ್ತರ 97ಕ್ಕಿಂತ ಮೇಲೆ. ಇಪ್ಪತ್ತೈದು ಊರುಗಳಿಂದ ಇಪ್ಪತ್ತೈದು ಗಂಡುಗರು, ಅವುಗಳ ತಾಯಂದಿರ ಹಾಲು ಅಳೆದು ನೋಡಿ ಆರಿಸಿದವು. ಬಾಗಲಕೋಟೆ, ಬೆಳಗಾವಿ, ಕೊಪ್ಪಳದಿಂದಲೂ ಬರಲಿ. ಸರ್ಕಾರಕ್ಕೆ ಇದು ದೊಡ್ಡ ಹೊರೆಯಲ್ಲ.

ಬರೆಯುವ ಕೆಲಸಕ್ಕೆ ಹೊಸ ಯೋಜನೆ, ಹೊಸ ಕಟ್ಟಡ ಯಾವುದೂ ಬೇಡ. ಕಿವಿಯೋಲೆ ಇದೆ, ಮೊಬೈಲ್ ಇದೆ, ಕೊಳವೆಯ ಮೇಲೆ ಸಂಖ್ಯೆ ಅಚ್ಚಾಗಿದೆ. ಕರುವಿಗೆ ಓಲೆ ಚುಚ್ಚುವಾಗ ಪಕ್ಕದಲ್ಲಿ ನಿಂತ ತಾಯಿಯ ಓಲೆಯ ಸಂಖ್ಯೆಯನ್ನು ಕಡ್ಡಾಯವಾಗಿ ತುಂಬಿಸಲಿ. ಸೂಜಿ ಮಾಡಿದ ದಿನವೇ ಕೋಣದ ಸಂಖ್ಯೆ ಬರೆದ ಚೀಟಿ ಎಮ್ಮೆಯವರ ಕೈಗೆ ಬರಲಿ. ಹಾಲು ಅಳೆಯುವುದಕ್ಕೆ ಊರಿನ ಹಾಲು ಉತ್ಪಾದಕರ ಸಂಘಗಳನ್ನು ಹಚ್ಚಬಹುದು. ತಿಂಗಳಿಗೆ ಒಂದು ದಿನ, ಬೆಳಗ್ಗೆ ಸಂಜೆ ಎರಡು ಹೊತ್ತು, ಮನೆ ಬಾಗಿಲಲ್ಲಿ ಅಳೆದು ಬರೆದರೆ ಇಡೀ ಸೂಲಿನ ಲೆಕ್ಕ ಸಾಕಷ್ಟು ನಿಖರವಾಗಿ ಸಿಗುತ್ತದೆ. ಬರೆಯುವವರು ನಮ್ಮ ಸ್ತ್ರೀಶಕ್ತಿ ಗುಂಪಿನ ಹೆಣ್ಣುಮಕ್ಕಳಾಗಲಿ, ಎಮ್ಮೆಯ ಕೆಚ್ಚಲನ್ನು ದಿನಾ ಮುಟ್ಟುವವರು ಅವರೇ.

ಆ ಪುಸ್ತಕಕ್ಕೆ ಬೀಗ ಹಾಕಬೇಡಿ. ತಾಯಿತಂದೆ ಗೊತ್ತಿಲ್ಲದ ಎಮ್ಮೆಯೂ ಧಾರವಾಡಿಯ ಲಕ್ಷಣ ಹೊತ್ತು, ಅಳೆದಾಗ ಒಳ್ಳೆಯ ಹಾಲು ಕೊಟ್ಟು, ವರ್ಷ ವರ್ಷ ಈಯುತ್ತಿದ್ದರೆ ಅದರ ಹೆಸರೂ ಒಳಗೆ ಬರಲಿ, ಅದರ ಮಕ್ಕಳಿಂದ ವಂಶ ಶುರುವಾಗಲಿ. ಕಲಘಟಗಿ ಕಡೆಯ ಗೌಳಿ ದಡ್ಡಿಗಳಲ್ಲಿ, ಎಂದರೆ ಎಮ್ಮೆ ಸಾಕುವ ಗೌಳಿಗರ ಹಟ್ಟಿಗಳಲ್ಲಿ, ಯಾವ ಕಾಗದವೂ ಇಲ್ಲದ ಎಂಥೆಂಥ ಎಮ್ಮೆಗಳನ್ನು ನಾನು ನೋಡಿದ್ದೇನೆ! ಕಾಗದವಿಲ್ಲವೆಂದು ಅವುಗಳನ್ನು ಹೊರಗಿಟ್ಟರೆ ನಾಯಿಯವರು ಮಾಡಿದ ತಪ್ಪನ್ನೇ ನಾವೂ ಮಾಡಿದಂತೆ.

ನನ್ನ ನೆರೆಹೊರೆಯವರೇ, ಸರ್ಕಾರ ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಿದ್ದೇನೆ. ಅವ್ವ ಹೇಳಿದ ಆರೂ ಹೆಸರುಗಳನ್ನು, ಅವುಗಳ ಹಾಲು, ಸೂಲು, ಬೇನೆ, ಸ್ವಭಾವ ಎಲ್ಲವನ್ನೂ ಅವಳ ಬಾಯಿಂದ ಕೇಳಿ ಬರೆದಿದ್ದೇನೆ. ಒಂಬತ್ತು ಸಂಜೆ ಹಿಡಿಯಿತು. ನಮ್ಮ ಓಣಿಯ ಇನ್ನೂ ನಾಲ್ಕು ಮನೆಗಳ ಹಿರಿಯ ಹೆಣ್ಣುಮಕ್ಕಳು ತಮ್ಮ ಎಮ್ಮೆಗಳದ್ದನ್ನೂ ಬರೆಸಿದರು. ಅದರಲ್ಲಿ ಒಬ್ಬರ ಎಮ್ಮೆಯ ಮೂಲ ಹುಡುಕುತ್ತ ಹೋದರೆ ನಮ್ಮ ನೀಲಿಯ ಹತ್ತಿರ ಬಂದು ನಿಂತಿತು. ಆ ಎರಡು ಮನೆಗಳ ನಡುವೆ ಇಪ್ಪತ್ತು ವರ್ಷದಿಂದ ಹೊಲದ ಬದುವಿನ ಜಗಳದಲ್ಲಿ ಮಾತಿರಲಿಲ್ಲ. ಆ ದಿನ ಅವರ ಮನೆಯಿಂದ ಅವ್ವನಿಗೆ ಒಂದು ತಂಬಿಗೆ ಗಿಣ್ಣದ ಹಾಲು ಬಂತು. ಸವಣೂರಿನ ಕಡೆ ಇರುವ ಅಕ್ಕನಿಗೂ ಫೋನು ಮಾಡಿ, ಅಲ್ಲಿನ ಕುಡಿಗಳ ವಿವರ ಬರೆದು ಕಳುಹಿಸಲು ಹೇಳಿದ್ದೇನೆ.

ಗೌರಿ ಈಗ ಗಬ್ಬ. ಎಮ್ಮೆ ಗಬ್ಬವಿರುವುದು ಹತ್ತು ತಿಂಗಳ ಮೇಲೆ ಕೆಲವು ದಿನ. ಸಂಕ್ರಾಂತಿಯ ಹೊತ್ತಿಗೆ ಈಯಬೇಕು. ಹುಟ್ಟುವ ಕರುವಿಗೆಂದು ನೋಟ್‌ಬುಕ್ಕಿನಲ್ಲಿ ಒಂದು ಪುಟ ತೆಗೆದಿಟ್ಟಿದ್ದೇನೆ. ತಾಯಿ ಗೌರಿ ಎಂದು ಬರೆದು ಅದರ ಓಲೆಯ ಹನ್ನೆರಡು ಅಂಕಿಗಳನ್ನು ಹಾಕಿದ್ದೇನೆ. ಮೇಲೆ ಚುಕ್ಕಿ, ಸಣ್ಣ ಬಾಗಿ, ದೊಡ್ಡ ಬಾಗಿ, ನೀಲಿ, ಕರೆವ್ವ. ತಂದೆ ಎಂಬಲ್ಲಿ ಏನೂ ಬರೆದಿಲ್ಲ. ಸೂಜಿ ಮಾಡಿಸಿದ ದಿನ ನಾನು ಗದಗಿನ ಆಸ್ಪತ್ರೆಯಲ್ಲಿ ಅವ್ವನ ಜೊತೆ ಇದ್ದೆ. ಹಿಂದಿರುಗಿ ಬಂದು ತಿಪ್ಪೆಯನ್ನೆಲ್ಲ ಕೆದಕಿದರೂ ಆ ಕೊಳವೆ ಸಿಗಲಿಲ್ಲ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಅದು ಇರಲೇಬೇಕು. ಆ ಕೋಣದ ಸಂಖ್ಯೆಯನ್ನು ನನಗೆ ತಿಳಿಸಿಕೊಡಲು ತಮ್ಮ ಕಚೇರಿಯಿಂದ ಒಂದು ಮಾತು ಹೇಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅವ್ವ ದಿನಾ ಸಂಜೆ, ‘ಉತ್ತರ ಬಂತೇನಪ್ಪಾ’ ಎಂದು ಕೇಳುತ್ತಾಳೆ.

ಇತಿ ತಮ್ಮ ವಿಶ್ವಾಸಿ,
ಗದಗ ಜಿಲ್ಲೆಯ ಒಬ್ಬ ಎಮ್ಮೆ ಸಾಕುವವನು